ನಾಯಿಕಿಂಡಿಯಲ್ಲಿ ಸಿಕ್ಕಿಬಿದ್ದ ಗುರು

ಡೆಲ್ಮರ್ ಪ್ಯಾಜೆಟ್ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಎದ್ದು ನಿಂತು, ಬೆಳಗಿನ ಏಳೂವರೆಗೆ ತನ್ನ ಅಡುಗೆಮನೆಯಲ್ಲೇ ಘೋಷಣೆ ಮಾಡಿಬಿಟ್ಟ.

"ನೋರೀನ್! ಬರೋ ಶನಿವಾರ ಈ ಊರಿನ ಇತಿಹಾಸದಲ್ಲೇ ಯಾರೂ ಕಾಣದ ಪಾಠ ನಮ್ಮನೇಲಿ ನಡೆಯುತ್ತೆ!"

ಮೊಟ್ಟೆ ಮಗುಚುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ಏನು, ನೀನು ಪಾತ್ರೆ ತೊಳೀತೀಯಾ?"

ಡೆಲ್ಮರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಹಾಪುರುಷರು ಇಂಥ ಮಾತುಗಳನ್ನು ಕೇಳಿಸಿಕೊಳ್ಳುವುದಿಲ್ಲ. ಇಪ್ಪತ್ತೇಳು ವರ್ಷ ಅಮೆರಿಕದ ಓಕ್ಲಹೋಮದ ಶೆರಿಫ್ ಕಚೇರಿಯೊಂದರಲ್ಲಿ ಪೊಲೀಸನಾಗಿ ದುಡಿದು ನಿವೃತ್ತನಾದವನು ಅವನು. ಆಮೇಲಿನ ಆರು ವರ್ಷಗಳಿಂದ ಊರಾಚೆಯ ಹತ್ತಿ ಹೊಲಗಳ ಪಕ್ಕದ, ಗುಂಡು ಹೊಡೆಯುವ ರೇಂಜಿನಲ್ಲಿ ಜನರಿಗೆ ಪಿಸ್ತೂಲು ಹಿಡಿದು ಆತ್ಮರಕ್ಷಣೆ ಮಾಡಿಕೊಳ್ಳುವುದನ್ನು ಕಲಿಸುತ್ತಿದ್ದ. ಕಲಿತವರೆಲ್ಲ ಅವನನ್ನು ಹೊಗಳುತ್ತಿದ್ದರು. ಆದರೆ ಅವನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳು.

"ಅಲ್ಲ ಕಣೇ, ರೇಂಜಲ್ಲಿ ನಾನು ಸೀಟಿ ಊದ್ತೀನಿ, ಅವರು ಗುಂಡು ಹೊಡೀತಾರೆ. ಕಳ್ಳ ಏನು ಸೀಟಿ ಊದ್ಕೊಂಡು ಬರ್ತಾನಾ? ಇವರು ಬಚ್ಚಲಲ್ಲಿರ್ತಾರೆ, ಬಾಯಲ್ಲಿ ಬ್ರಶ್ ಇರುತ್ತೆ, ಆಗ ಬರ್ತಾನೆ! ಊಹಿಸದೇ ಇರೋದಕ್ಕೆ ಇವರನ್ನ ತಯಾರು ಮಾಡ್ಬೇಕು. ಮನೆ ನಮ್ದು, ಕಳ್ಳ ನಾನು!"

"ಲಾಂಡ್ರಿ ರೂಮಿನ ನೆಲಕ್ಕೆ ಶುಕ್ರವಾರ ಹೊಳಪಿನ ಮೇಣ ಹಚ್ಚೋಳಿದೀನಿ. ಕಳ್ಳನಿಗೆ ಹೇಳು, ಅಲ್ಲಿ ಕಾಲಿಟ್ರೆ ಕಾಲು ಮುರೀತೀನಿ ಅಂತ," ಎಂದಳು ನೋರೀನ್.

"ಕಳ್ಳ ಅಲ್ಲಿ ಕಾಲಿಡಲ್ಲ. ಮಾತು ಕೊಟ್ಟೆ!"

ಮುಂದೆ ನಡೆದದ್ದನ್ನೆಲ್ಲ ನೋಡಿದರೆ, ಅವನು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡ ಎಂದೇ ಹೇಳಬೇಕು. ಅಲ್ಲಿ ಅವನು ಕಾಲಿಡಲಿಲ್ಲ.

ಆ ಸಲದ ತರಗತಿಯಲ್ಲಿ ಆರು ಮಂದಿ ಇದ್ದರು. ಐವರ ಬಗ್ಗೆ ಡೆಲ್ಮರ್‌ಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಓಲೀಟಾ ಸ್ಟಬ್ಸ್ ಬಗ್ಗೆ. ಅರವತ್ತೆಂಟರ ಹೆಂಗಸು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲೇ ಬೆಳೆದವರು. ಕನ್ನಡಿಯಲ್ಲಿ ನೋಡುತ್ತ ಅವಳು "ಕೂತ್ಕೊಳ್ರೋ!" ಎಂದು ಒಂದು ಸಲ ಗುಡುಗಿದರೆ ಬಸ್ಸಿನೊಳಗಿನ ಐವತ್ತು ಮಕ್ಕಳಷ್ಟೇ ಅಲ್ಲ, ರಸ್ತೆಬದಿಯ ದನಗಳೂ ಕೂತುಬಿಡುತ್ತಿದ್ದವು ಎಂದು ಹೇಳುತ್ತಿದ್ದರು.

ಅಂಥ ಓಲೀಟಾಳ ಮನೆಗೆ ಫೆಬ್ರವರಿಯಲ್ಲಿ ಹಾಡಹಗಲೇ ಕಳ್ಳ ನುಗ್ಗಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಅವನು ಅವಳ ಕಣ್ಣೆದುರೇ ತೀರಿಹೋದ ಗಂಡನ ಗಡಿಯಾರವನ್ನು ಎತ್ತಿಕೊಂಡು, ಬಾಗಿಲನ್ನೂ ಹಾಕಿಕೊಳ್ಳದೆ ಹೋದ. ಅಂದಿನಿಂದ ಅವಳು ರಾತ್ರಿ ಮಲಗುವುದು ತಂಗಿಯ ಮನೆಯ ಸೋಫಾದ ಮೇಲೆ. ಸ್ವಂತ ಮನೆ ಎರಡು ಬೀದಿಯಾಚೆ ಖಾಲಿ.

ರೇಂಜಿನಲ್ಲಿ ಅವಳ ಗುರಿ ಚೆನ್ನಾಗಿಯೇ ಇತ್ತು. ಆದರೆ ಡೆಲ್ಮರ್‌ನ ಪಾಠದಲ್ಲಿ ಗುಂಡಿಗಿಂತ ಮೊದಲು ಬರುವುದು ಗಂಟಲು.

"ಗುಂಡು ಕೊನೇ ಮಾತು, ಮೊದಲನೇದಲ್ಲ! ಮೊದಲು ಹಿಂದೆ ಸರೀರಿ. ನಡುವೆ ಏನಾದ್ರೂ ಅಡ್ಡ ಇಟ್ಕೊಳ್ಳಿ. ಆಮೇಲೆ ಕೂಗಿ, ಸತ್ತೋರೂ ಎದ್ದು ಕೂರ್ಬೇಕು! ದಾರಿ ಇದ್ರೆ ಹೊರಗೆ ಬನ್ನಿ, ಫೋನ್ ಮಾಡಿ. ಅವನು ಏನೇ ಹೇಳ್ಲಿ, ನಂಬ್ಬೇಡಿ. ನಾನು ಪೋಸ್ಟ್‌ಮ್ಯಾನ್ ಅಂತಾನೆ, ಪಕ್ಕದ್ಮನೆಯವನು ಅಂತಾನೆ. ನಾನೇ ಡೆಲ್ಮರ್ ಅಂದ್ರೂ ನಂಬ್ಬೇಡಿ!"

ಎಲ್ಲರೂ ಕೂಗುತ್ತಿದ್ದರು. ಓಲೀಟಾ ಬಾಯಿ ತೆರೆದರೆ ಮಾತ್ರ ಇಲಿಮರಿಯ ಸದ್ದು. "ಕ್ಷಮಿಸಿ ಡೆಲ್ಮರ್ ಅವ್ರೆ, ಬರ್ತಾನೇ ಇಲ್ಲ," ಎಂದು ಅವಳು ಗಂಟಲು ಹಿಡಿದುಕೊಳ್ಳುವಾಗ ಅವನಿಗೆ ಸಂಕಟವಾಗುತ್ತಿತ್ತು. ಶನಿವಾರದ ಪಾಠ ಯಾರಿಗೆ ಎಂದು ಕೇಳಿದರೆ ಎಲ್ಲರಿಗೂ ಎನ್ನುತ್ತಿದ್ದ. ನಿಜವಾಗಿ ಅದು ಅವಳಿಗಾಗಿಯೇ.

ಶನಿವಾರ ಬಂತು. ಡೆಲ್ಮರ್ ನಿಜವಾದ ಪಿಸ್ತೂಲುಗಳನ್ನೆಲ್ಲ ತಾನೇ ಎಣಿಸಿ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಪ್ರತಿಯೊಬ್ಬರ ಜೇಬು ತಡಕಿದ. ತಡಕಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಒಬ್ಬೊಬ್ಬರಿಗೂ ಒಂದೊಂದು ನೀಲಿ ರಬ್ಬರ್ ಪಿಸ್ತೂಲು ಕೊಟ್ಟ. ತಾನು ಹೊಳೆಯುವ ಹಳದಿ ಅಂಗಿ ತೊಟ್ಟ. ಹಳದಿ ಕಂಡರೆ ಅದು ಅಭ್ಯಾಸದ ಕಳ್ಳ ಎಂದು ಅರ್ಥ.

"ಇನ್ನೊಂದು. ಯಾರಿಗಾದ್ರೂ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಒಂದು ಮಾತು ಹೇಳಿ. ಆಟ ತಕ್ಷಣ ನಿಲ್ಲುತ್ತೆ. ಮಾತು, ಬೆಂಡೆಕಾಯಿ!"

"ಬೆಂಡೆಕಾಯಿ ಯಾಕೆ ಸಾರ್?" ಎಂದು ಕೇಳಿದ ಕ್ಲಿಫ್ಟನ್. ಅವನು ಊರಿನ ದಂತವೈದ್ಯ, ತರಗತಿಯ ತಲೆಹರಟೆ.

"ಗಾಬರಿಯಲ್ಲಿ ಯಾರೂ ಅಪ್ಪಿತಪ್ಪಿ ಬೆಂಡೆಕಾಯಿ ಅನ್ನಲ್ಲ. ಅದಕ್ಕೆ!"

ಎಂಥ ದೂರದೃಷ್ಟಿ! ಗಾಬರಿಯಲ್ಲಿ ಯಾರೂ ಬೆಂಡೆಕಾಯಿ ಅನ್ನುವುದಿಲ್ಲ ಎಂಬುದು ಇನ್ನೊಂದು ಗಂಟೆಯಲ್ಲಿ ಸಾಬೀತಾಗುವುದಿತ್ತು.

ಮೊದಲ ಸುತ್ತು ನೆಲಕಚ್ಚಿತು. ಒಳಗೆ ಬಂದ ಕ್ಲಿಫ್ಟನ್ ಬಾಗಿಲಲ್ಲೇ ನಿಂತು, "ಸಾರ್, ಸೋಫಾ ಹಿಂದೆ ಇದೀರಿ. ನಿಮ್ಮ ಬೂಟು ಕಾಣ್ತಿದೆ," ಎಂದ. ಎರಡನೆಯವರು ಪರದೆಯ ಹಿಂದಿನ ಉಬ್ಬನ್ನು ನೋಡಿ ಕಿಸಕ್ಕೆಂದು ನಕ್ಕರು. ಮೂರನೆಯವರಂತೂ, "ಹಲೋ ಡೆಲ್ಮರ್, ನೋರೀನ್ ಎಲ್ಲಿ, ಕಡುಬಿನ ಘಮ ಬರ್ತಿದೆ," ಎಂದು ನೇರವಾಗಿ ಅಡುಗೆಮನೆಗೇ ಹೋದರು! ಓಲೀಟಾಳ ಸರದಿ ಬಂದಾಗ ಡೆಲ್ಮರ್ ಕಪಾಟಿನಿಂದ ಹಾರಿದ. ಅವಳು ಮೆಲ್ಲಗೆ, "ಅಯ್ಯೋ, ಮೊಣಕಾಲು ಜೋಪಾನ," ಎಂದಳು.

ಡೆಲ್ಮರ್‌ನ ಮೀಸೆ ಅದುರಿತು. ಇಪ್ಪತ್ತೇಳು ವರ್ಷ ನಿಜವಾದ ಕಳ್ಳರು ಇವನನ್ನು ಕಂಡರೆ ಬೇಲಿ ಹಾರುತ್ತಿದ್ದರು. ಈಗ ಹಲ್ಲಿನ ಡಾಕ್ಟರೊಬ್ಬ ಬೂಟು ಕಾಣುತ್ತದೆ ಎನ್ನುತ್ತಾನೆ!

'ಕಳ್ಳ ಬರ್ತಾನೆ ಅಂತ ಗೊತ್ತಿದ್ರೆ ಅದು ಅನಿರೀಕ್ಷಿತ ಹೇಗಾಗುತ್ತೆ? ಮುಗೀತು ಅಂತ ಅವರು ತಿಳ್ಕೊಂಡ ಮೇಲೆ ಬರ್ಬೇಕು!' ಎಂದುಕೊಂಡ. ವರಾಂಡಕ್ಕೆ ಹೋಗಿ ಕೈ ತಟ್ಟಿದ. "ಆಟ ಮುಗೀತು! ಎಲ್ಲರೂ ನೋರೀನ್ ಮಾಡಿರೋ ಪೆಕಾನ್ ಬೀಜದ ಕಡುಬು ತಿನ್ನಿ. ನಾನು ಐಸ್ ತರೋಕೆ ಹೋಗ್ತಿದೀನಿ, ಅರ್ಧ ಗಂಟೆ."

"ಫ್ರಿಜ್ಜಲ್ಲಿ ಐಸ್ ಇದೆಯಲ್ಲೋ!" ಎಂದಳು ನೋರೀನ್.

"ಸಾಲಲ್ಲ!" ಎಂದವನೇ ಟ್ರಕ್ ಹತ್ತಿ ಹೊರಟ. ಹೆಂಡತಿಗೂ ಗುಟ್ಟು ಬಿಡಲಿಲ್ಲ.

ಟ್ರಕ್ಕನ್ನು ಮೂಲೆಯಾಚೆ ನಿಲ್ಲಿಸಿ, ಹಿಂದಿನ ಓಣಿಯಿಂದ ತನ್ನ ಮನೆಯ ಹಿತ್ತಲಿಗೇ ಕಳ್ಳಹೆಜ್ಜೆಯಲ್ಲಿ ಬಂದ. ಷೆಡ್ಡಿನಲ್ಲಿ ವೇಷ ಸಿದ್ಧವಿತ್ತು. ಹಳದಿ ಅಂಗಿಯನ್ನು ಕಳಚಿದ. ಇದೊಂದನ್ನು ಮಾಡಬಾರದೆಂದು ತಾನೇ ನೂರು ಜನಕ್ಕೆ ಕಲಿಸಿದ್ದ. ಆದರೆ ಉತ್ಸಾಹ ತಲೆಗೇರಿದಾಗ ನೆನಪು ಕಾಲಿಗಿಳಿಯುತ್ತದೆ. ಎದೆಗೆ, ಬೆನ್ನಿಗೆ, ಭುಜಕ್ಕೆ ದಿಂಬುಗಳನ್ನು ಇಟ್ಟು ಬೆಳ್ಳಿಬಣ್ಣದ ಅಂಟುಪಟ್ಟಿಯಿಂದ ಬಿಗಿದುಕೊಂಡ. ಯಾರಾದರೂ ಗುದ್ದಿದರೆ ಪೆಟ್ಟಾಗಬಾರದಲ್ಲ! ತಲೆಗೆ ಕಪ್ಪು ಗಾಜಿನ ಹೆಲ್ಮೆಟ್. ಜಾರದಿರಲೆಂದು ಅದನ್ನೂ ಕುತ್ತಿಗೆಗೆ ಅಂಟಿಸಿದ. ಬಾಕ್ಸಿಂಗ್ ಕೈಗವಸುಗಳನ್ನು ತೊಟ್ಟು, ಹೆಲ್ಮೆಟ್ಟಿನ ಗಾಜೆತ್ತಿ ಹಲ್ಲಿನಿಂದ ಕಚ್ಚಿ ಎಳೆದ ಪಟ್ಟಿಯನ್ನು ಅವುಗಳಿಗೂ ಸುತ್ತಿ, ಗಾಜು ಇಳಿಸಿದ್ದಾಯಿತು.

ಒಳಗೆ ಹೋಗುವುದು ಹೇಗೆ? ಹಿಂಬಾಗಿಲಿಗೆ ನೋರೀನ್ ಚಿಲಕ ಹಾಕಿದ್ದಳು. ಆದರೆ ಆ ಬಾಗಿಲ ತಳದಲ್ಲಿ ನಾಯಿಕಿಂಡಿ ಇತ್ತು. ಎರಡು ವರ್ಷದ ಹಿಂದೆ ತೀರಿಕೊಂಡ ಅವರ ದೈತ್ಯ ನಾಯಿ ಬಿಸ್ಕಿಟ್‌ಗಾಗಿ ಕೊರೆದ ಕಿಂಡಿ. ಬಿಸ್ಕಿಟ್ ಅರವತ್ತೈದು ಕಿಲೋ ತೂಗುತ್ತಿತ್ತು, ಬಾಣದಂತೆ ನುಗ್ಗುತ್ತಿತ್ತು.

'ನಾಯಿ ನುಗ್ಗಿದಲ್ಲಿ ನಾನು ನುಗ್ಗಲಾರೆನೆ?' ಎಂದುಕೊಂಡ ಡೆಲ್ಮರ್.

ನೂರಾ ಎರಡು ಕಿಲೋ ಡೆಲ್ಮರ್, ಜೊತೆಗೆ ಆರು ದಿಂಬು. ಎರಡೂ ಕೈ ಮುಂದೆ ಚಾಚಿ, ಉಸಿರು ಬಿಗಿಹಿಡಿದು ನುಗ್ಗಿದ. ತಲೆ ಹೋಯಿತು. ಭುಜ ಹೋಯಿತು. ದಿಂಬುಗಳು ಮುದುಡಿಕೊಂಡು ಹೋದವು. ಒಳಗೆ ಹೋದದ್ದೇ ತಡ, ಅವು 'ಪುಫ್' ಎಂದು ಅರಳಿಕೊಂಡವು! ಹಿಂದಕ್ಕೆ ಬರಲು ದಿಂಬು ಬಿಡದು. ಮುಂದಕ್ಕೆ ಹೋಗಲು ಹೊಟ್ಟೆ ಬಿಡದು. ಶಿವಪೂಜೆಯಲ್ಲಿ ಕರಡಿ ನುಗ್ಗಿದ್ದನ್ನು ಕೇಳಿದ್ದೇವೆ. ಇಲ್ಲಿ ಕರಡಿ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು.

ಅರ್ಧ ಡೆಲ್ಮರ್ ಲಾಂಡ್ರಿ ರೂಮಿನಲ್ಲಿ, ಹೊಸ ಮೇಣದ ನೆಲಕ್ಕೆ ಎದೆಯೂರಿ ಬಿದ್ದಿದ್ದ. ಉಳಿದರ್ಧ ಹಿತ್ತಲಲ್ಲಿ. ಫೋನು ಪ್ಯಾಂಟಿನ ಹಿಂಜೇಬಿನಲ್ಲಿ, ಅಂದರೆ ಈಗ ಪರದೇಶದಲ್ಲಿ. ಅಷ್ಟರಲ್ಲಿ ಹಿತ್ತಲಿನಲ್ಲಿ 'ಚಿಕ್ ಚಿಕ್ ಚಿಕ್' ಎಂಬ ಸದ್ದು. ಹುಲ್ಲಿಗೆ ನೀರು ಹಾರಿಸುವ ಯಂತ್ರವನ್ನು ಹನ್ನೊಂದು ಗಂಟೆಗೆ ತಾನಾಗಿ ಚಾಲೂ ಆಗುವಂತೆ ಹೊಂದಿಸಿದ್ದವನು ಯಾರು? ಅವನೇ! ತಣ್ಣೀರು ಗುರಿ ತಪ್ಪದೆ ಪರದೇಶದ ಭಾಗಕ್ಕೆ ಬಡಿಯತೊಡಗಿತು.

ಆಗ ಅವನ ಎದುರಿಗೆ, ಮನೆಯೊಳಗಿನ ಬಾಗಿಲು ತೆರೆಯಿತು.

ಅಂಗಿಯ ಮೇಲೆ ಕಡುಬಿನ ಪಾಕ ಚೆಲ್ಲಿಕೊಂಡಿದ್ದ ಓಲೀಟಾ, ತೊಳೆದುಕೊಳ್ಳಲೆಂದು ಒಳಗೆ ಬಂದಿದ್ದಳು. ಅವಳ ಕಾಲ ಬಳಿ, ಹಿಂಬಾಗಿಲಿನೊಳಗಿಂದ, ಕಪ್ಪು ತಲೆಯ, ಊದಿಕೊಂಡ ದೇಹದ, ಬೆರಳಿಲ್ಲದ ಕೈಯ ಏನೋ ಒಂದು ತೆವಳುತ್ತ ಒಳಬರುತ್ತಿತ್ತು.

ಅವಳು ಕಲ್ಲಾದಳು.

ಕಪ್ಪು ಗಾಜಿನ ಒಳಗಿನಿಂದ ಡೆಲ್ಮರ್ ಅವಳ ಗುರುತು ಹಿಡಿದ. ಯಾರು ಬಂದರೂ ಆಗಬಹುದಿತ್ತು, ಇವಳೊಬ್ಬಳು ಬರಬಾರದಿತ್ತು! ಹಳದಿ ಅಂಗಿ ಇಲ್ಲ. ಅವಳ ಪಾಲಿಗೆ ಇದು ಮತ್ತೆ ಫೆಬ್ರವರಿ. ಅವಳ ಮುಖದ ಬಣ್ಣವೇ ಹೋಗಿತ್ತು. ಆಟ ನಿಲ್ಲಿಸಬೇಕು, ಈ ಕ್ಷಣವೇ ನಿಲ್ಲಿಸಬೇಕು! ಅದಕ್ಕೊಂದು ಮಾತಿತ್ತಲ್ಲ... ಯಾವುದೋ ತರಕಾರಿ...

"ಮೂಲಂಗಿ!" ಎಂದು ಕಿರುಚಿದ ಡೆಲ್ಮರ್. ಹೆಲ್ಮೆಟ್ಟಿನೊಳಗಿಂದ ಅದು ಬಾವಿಯೊಳಗಿನ ಭೂತದ ಕೂಗಿನಂತೆ ಕೇಳಿತು. "ಬದನೆಕಾಯಿ! ಕುಂಬಳಕಾಯಿ! ಬೀಟ್‌ರೂಟ್! ನಾನು ಡೆಲ್ಮರ್! ಹುರುಳಿಕಾಯಿ! ನಾನೇ ಡೆಲ್ಮರ್!"

ಸಂತೆಯ ತರಕಾರಿಯೆಲ್ಲ ಬಂತು, ಬೆಂಡೆಕಾಯಿ ಬರಲಿಲ್ಲ. ಗುರು ಬೆಂಡಾದ.

'ನಾನೇ ಡೆಲ್ಮರ್' ಎಂಬ ಮಾತು ಕಿವಿಗೆ ಬಿದ್ದದ್ದೇ ಓಲೀಟಾಳ ಕಣ್ಣು ಕಿರಿದಾಯಿತು. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆಗೆ ಬಟ್ಟೆ ಒಗೆಯುವ ಯಂತ್ರದ ಮರೆಗೆ ಹೋದಳು. ನೀಲಿ ಪಿಸ್ತೂಲು ಹೊರಬಂತು. ಮೂತಿ ನೆಲಕ್ಕೆ, ಬೆರಳು ನೆಟ್ಟಗೆ, ಪಿಸ್ತೂಲಿನ ಕುದುರೆಯಿಂದ ದೂರ. ಎಲ್ಲವೂ ಪಾಠದಲ್ಲಿದ್ದ ಹಾಗೆಯೇ. ಆಮೇಲೆ ಅವಳು ಬಾಯಿ ತೆರೆದಳು.

"ಏಯ್!! ಅಲ್ಲೇ ಬಿದ್ದಿರು! ಕೈ ಕಾಣೋ ಹಾಗೆ ಇಡು! ಅಲ್ಲಾಡಿದ್ರೆ ನೋಡು!"

ಕಿಟಕಿಯ ಗಾಜು ಜುಮ್ಮೆಂದಿತು. ಮೂವತ್ತೊಂದು ವರ್ಷದ ಬಸ್ಸು ಏಳು ತಿಂಗಳ ನಂತರ ಒಮ್ಮೆಗೇ ಸ್ಟಾರ್ಟ್ ಆಗಿತ್ತು! ಡೆಲ್ಮರ್ ಗಪ್‌ಚಿಪ್ಪಾಗಿ ಎರಡೂ ಕೈ ಚಾಚಿ ಮಲಗಿದ. ಹಿತ್ತಲಲ್ಲಿದ್ದ ಕಾಲುಗಳೂ ತಾವಾಗಿಯೇ ಜೋಡಿಸಿಕೊಂಡವು.

ಅವಳು ಹಿಂದೆ ಹಿಂದೆ ಸರಿದು, ಬಾಗಿಲೆಳೆದು ಚಿಲಕ ಹಾಕಿದಳು. ಆಚೆಯಿಂದ ಆಜ್ಞೆಗಳು ಕೇಳಿಬರುತ್ತಿದ್ದವು. "ಎಲ್ಲರೂ ಏಳಿ! ತಟ್ಟೆ ಇಡಿ! ರಸ್ತೆಯಾಚೆ ನಡೀರಿ! ಕ್ಲಿಫ್ಟನ್, ಆಮೇಲೆ ತಿನ್ನೋವಂತೆ, ಬಾ! ನೋರೀನ್, ಒಳಗೆ ಹೋಗ್ಬೇಡ, ಲಾಂಡ್ರಿ ರೂಮಲ್ಲಿ ಕಳ್ಳ ಇದಾನೆ!"

"ಅಯ್ಯೋ, ನನ್ನ ನೆಲ!" ಎಂದ ನೋರೀನಳ ಆರ್ತನಾದವೂ ಕೇಳಿತು.

ಒಳಗೆ ಬಿದ್ದಿದ್ದ ಡೆಲ್ಮರ್‌ಗೆ ಅರ್ಧ ನಾಚಿಕೆ, ಅರ್ಧ ಹೆಮ್ಮೆ. ಹೇಗೂ ಅವನೇ ಎರಡು ಅರ್ಧವಾಗಿದ್ದನಲ್ಲ, ಹಂಚಿಕೆ ಸರಿಯಾಯಿತು.

ಓಲೀಟಾ ಪೊಲೀಸರ ತುರ್ತು ಸಂಖ್ಯೆ ಒಂಬತ್ತು-ಒಂದು-ಒಂದಕ್ಕೆ ಮಾಡಿದ ಫೋನಿನ ಧ್ವನಿಮುದ್ರಣ ಶೆರಿಫ್ ಕಚೇರಿಯಲ್ಲಿದೆ. ಅದನ್ನು ಆಮೇಲೆ ಡೆಲ್ಮರ್‌ಗೆ ಮೂರು ಸಲ ಕೇಳಿಸಿದರು, ಅವನು ಬೇಡವೆಂದರೂ.

"ಕಳ್ಳನ ಕೈಲಿ ಆಯುಧ ಇದೆಯಾ ಮೇಡಂ?"

"ಇಲ್ಲ. ಬೆರಳೇ ಇಲ್ಲ."

"ಏನಾದ್ರೂ ಬೆದರಿಕೆ ಹಾಕಿದ್ನಾ?"

"ತರಕಾರಿ ಹೆಸರು ಹೇಳ್ತಿದಾನೆ."

"...ಏನಂದ್ರಿ?"

"ತರಕಾರಿ. ಮೂಲಂಗಿ, ಕುಂಬಳಕಾಯಿ, ಎಲ್ಲಾ. ತಲೆ ಸರಿ ಇದ್ದ ಹಾಗಿಲ್ಲ ಪಾಪ. ನಿಮ್ಮೋರಿಗೆ ಹುಷಾರಾಗಿ ಬರೋಕೆ ಹೇಳಿ. ಒಳಗೆ ಬೇರೆ ಯಾರೂ ಇಲ್ಲ, ನಾವೆಲ್ಲ ರಸ್ತೆಯಾಚೆ ಇದೀವಿ, ನಮ್ಮತ್ರ ಇರೋದು ರಬ್ಬರ್ ಪಿಸ್ತೂಲು."

"ಅದು ಡೆಲ್ಮರ್ ಪ್ಯಾಜೆಟ್ ಅವರ ಮನೆ ಅಲ್ವಾ? ಅವರೆಲ್ಲಿ?"

"ಐಸ್ ತರೋಕೆ ಹೋಗಿದಾರೆ. ಬೇಕಾದಾಗ ಇರಲ್ಲ ನೋಡಿ!"

ಬಂದವನು ಬೋ ಟ್ರಾಮೆಲ್. ಡೆಲ್ಮರ್‌ನ ಕೈಕೆಳಗೆ ಕೆಲಸ ಕಲಿತ ಅಧಿಕಾರಿ. ಹಿತ್ತಲಿಗೆ ಸುತ್ತಿಕೊಂಡು ಹೋದರೆ, ಬಾಗಿಲಿನಿಂದ ಹೊರಚಾಚಿದ ಎರಡು ಕಾಲು, ಅವುಗಳ ಮೇಲೆ ನೀರಿನ ಅಭಿಷೇಕ! ಅದೇ ಸಮಯಕ್ಕೆ ಕಚೇರಿಯಲ್ಲಿ ಓಲೀಟಾಳ ಫೋನೆತ್ತಿದ್ದ ಹುಡುಗಿ, ಮನೆಯ ಯಜಮಾನನಿಗೊಂದು ಮಾತು ತಿಳಿಸೋಣವೆಂದು ಡೆಲ್ಮರ್‌ನ ಫೋನಿಗೆ ಕರೆ ಮಾಡಿದಳು.

ಕಳ್ಳನ ಹಿಂಭಾಗ ರಿಂಗಣಿಸಿತು.

ಬೋ ಬಗ್ಗಿ ಆ ಪ್ಯಾಂಟನ್ನು ನೋಡಿದ. ಟೋಪಿ ತೆಗೆದ. "ಡೆಲ್ಮರ್ ಸಾರ್... ಆ ಕಡೆ ಇರೋದೂ ನೀವೇನಾ?"

ಒಳಗಿನಿಂದ ಸಣ್ಣ ಸ್ವರ ಬಂತು. "ಹೂಂ ಬೋ. ಮೊದಲು ನೀರು ನಿಲ್ಲಿಸಪ್ಪ."

ಎಲ್ಲರೂ ಬಂದರು. ನೋರೀನ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಗುರುತು ಹಿಡೀತೀರಾ ಮೇಡಂ?" ಎಂದು ಬೋ ಗಂಭೀರವಾಗಿ ಕೇಳಿದ.

"ಮೂವತ್ತೆಂಟು ವರ್ಷ ಆ ಪ್ಯಾಂಟಿಗೆ ತೇಪೆ ಹಾಕಿದೀನಿ ಕಣಪ್ಪ. ಈ ಅರ್ಧ ನಂದೇ. ಆ ಕಡೆಯದ್ದು ನೋಡಿ ಹೇಳ್ತೀನಿ."

ಎಳೆಯುವ ಕೆಲಸವನ್ನು ಕ್ಲಿಫ್ಟನ್ ವಹಿಸಿಕೊಂಡ. "ಇದು ನನ್ನ ಕಸುಬು! ಕೀಳೋ ಮುಂಚೆ ಸ್ವಲ್ಪ ಅಲ್ಲಾಡಿಸ್ಬೇಕು," ಎಂದು ಎರಡು ಕಾಲು ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ತಿರುಚಿದ. ಒಳಗಿನಿಂದ ಬಂದ ಚೀರಾಟ ಕೇಳಿ, "ಮಾಮೂಲಿ, ಎಲ್ಲರೂ ಹೀಗೇ ಕೂಗ್ತಾರೆ," ಎಂದ. ಪ್ರಯೋಜನವಾಗಲಿಲ್ಲ. ಕೊನೆಗೆ ನೋರೀನ್ ಒಳಗಿನಿಂದ ಹೋಗಿ ಕತ್ತರಿಯಿಂದ ಅಂಟುಪಟ್ಟಿಗೆ ಕೈ ಹಾಕಿದಳು. ಹಾಕಿದವಳು ಹಾಗೇ ನಿಂತಳು.

"ಡೆಲ್. ಇದು ಷೆಡ್ಡಲ್ಲಿದ್ದ ಹಳೇ ದಿಂಬು ಅಲ್ಲ."

"ಅಲ್ವಾ?"

"ನಮ್ಮಮ್ಮ ಕಸೂತಿ ಹಾಕಿದ ದಿಂಬು. ಆರೂ!"

ಕತ್ತರಿ ಅವಳ ಕೈಯಲ್ಲಿತ್ತು. ಅವನ ಕತ್ತು ಅವಳ ಕಾಲ ಬಳಿ ಇತ್ತು. ಡೆಲ್ಮರ್ ತನ್ನ ಜೀವಮಾನದಲ್ಲಿ ನಿಜವಾಗಿ ಹೆದರಿದ್ದು ಆಗ! ಪುಣ್ಯಕ್ಕೆ ಅವಳು ದಿಂಬನ್ನಷ್ಟೇ ಕತ್ತರಿಸಿದಳು. ಮೇಣದ ನೆಲದ ತುಂಬ ಬಾತುಕೋಳಿಯ ಪುಕ್ಕ ಹಾರಾಡಿ, ನಡುವಿನಿಂದ ಗುರು ಮೊಟ್ಟೆಯೊಡೆದ ಮರಿಯಂತೆ ಹೊರಬಂದ.

ಹೆಲ್ಮೆಟ್ ಕಳಚಿದಾಗ ಮೊದಲು ಕಂಡದ್ದು ಓಲೀಟಾಳ ಮುಖ. ಅವಳು ರಬ್ಬರ್ ಪಿಸ್ತೂಲನ್ನು ಇನ್ನೂ ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. "ಡೆಲ್ಮರ್ ಅವ್ರೆ... ನೀವಾ? ನಾನು ನಿಮ್ಮನ್ನ ಹಾಗೆಲ್ಲ ಬೈದೆನಾ?"

ಡೆಲ್ಮರ್ ಪುಕ್ಕ ಉಗುಳಿದ. ಹಾಸ್ಯ ಮಾಡಲು ಬಾಯಿ ತೆರೆದವನು ಅವಳ ಕೈ ನೋಡಿ ಮುಚ್ಚಿಕೊಂಡ. "ತಪ್ಪು ನಂದು ಮೇಡಂ. ಹಳದಿ ಅಂಗಿ ತೆಗೆದಿದ್ದು ದೊಡ್ಡ ತಪ್ಪು. ನಿಮ್ಮನ್ನ ಹಾಗೆ ಹೆದರಿಸ್ಬಾರದಿತ್ತು, ಕ್ಷಮಿಸಿ. ಆದ್ರೆ ನೀವು ಮಾಡಿದ್ರಲ್ಲ, ಅದ್ರಲ್ಲಿ ಒಂದೇ ಒಂದು ತಪ್ಪಿಲ್ಲ. ನನ್ನ ಇಪ್ಪತ್ತೇಳು ವರ್ಷದಲ್ಲಿ ನಾನೂ ಅಷ್ಟು ಸರಿಯಾಗಿ ಮಾಡಿರ್ಲಿಲ್ಲ."

"ನಾನು ಕೂಗಿದ್ನಾ?" ಎಂದಳು ಅವಳು, ಆಗಷ್ಟೇ ಹೊಳೆದವಳ ಹಾಗೆ.

"ಪಕ್ಕದ ಬೀದಿಯ ನಾಯಿಗಳು ಕೂತ್ಬಿಟ್ವು," ಎಂದ ಬೋ. "ನಿಮ್ಮ ಬಸ್ಸಲ್ಲಿ ಬೆಳೆದೋನು ನಾನು. ಈಗ್ಲೂ ನಿಮ್ಮ ದನಿ ಕೇಳಿ ನಿಂತೇ ಇದೀನಿ, ಕೂರ್ಲೋ ಬೇಡ್ವೋ ಗೊತ್ತಾಗ್ತಿಲ್ಲ."

ಓಲೀಟಾ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಅವಳು ನಕ್ಕದ್ದನ್ನು ನೋಡಿ ಎಲ್ಲರೂ ನಕ್ಕರು. ನೋರೀನ್ ಮಾತ್ರ ನಗದೆ ಗಂಡನ ಕೈಗೆ ಪೊರಕೆ ಕೊಟ್ಟಳು.

ಡೆಲ್ಮರ್ ಅಂದೇ ಆರೂ ಜನರ ಸರ್ಟಿಫಿಕೇಟಿಗೆ ಸಹಿ ಹಾಕಿದ. ಓಲೀಟಾಳದ್ದಕ್ಕೆ ಮೊದಲು. ಎರಡು ದಿನ ಕಳೆಯುವುದರೊಳಗೆ ಅವನ ಎದೆ ಮತ್ತೆ ಉಬ್ಬಿತು. ನಡೆದದ್ದು ಎಡವಟ್ಟಲ್ಲ, ತನ್ನ ಯೋಜನೆಯ ವಿಜಯ! ಊಹಿಸದ್ದು ನಡೆಯಿತು, ಶಿಷ್ಯೆ ಗೆದ್ದಳು, ಇನ್ನೇನು ಬೇಕು? ಗುರುವಾರ ಪಾಠದ ಬಗ್ಗೆ ಶಿಷ್ಯರು ಬರೆದುಕೊಟ್ಟ ಅಭಿಪ್ರಾಯದ ಚೀಟಿಗಳು ಬಂದಾಗ, ಅಡುಗೆಮನೆಯಲ್ಲಿ ಕನ್ನಡಕ ಏರಿಸಿ ಕೂತ.

"ಓಲೀಟಾದು ಬಂದಿದೆ. ಕೇಳಿಸ್ಕೋ ನೋರೀನ್, ನನ್ನ ಪಾಠ ಅಂದ್ರೆ ಏನು ಅಂತ ಈಗ್ಲಾದ್ರೂ ಗೊತ್ತಾಗ್ಲಿ!" ಎಂದು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದ.

"'ಭಾನುವಾರದಿಂದ ನನ್ನ ಮನೆಯಲ್ಲೇ, ನನ್ನ ಮಂಚದ ಮೇಲೆಯೇ ಮಲಗುತ್ತಿದ್ದೇನೆ. ಬೆಳಗ್ಗೆ ಎಂಟರವರೆಗೆ ಎಚ್ಚರವೇ ಆಗುವುದಿಲ್ಲ. ನಿಮ್ಮ ಋಣ ತೀರಿಸಲಾರೆ...'" ಡೆಲ್ಮರ್ ಚೀಟಿ ಕೆಳಗಿಟ್ಟ. ಕನ್ನಡಕ ಒರೆಸಿಕೊಂಡ. ನೋರೀನಳೂ ಒಲೆ ಆರಿಸಿ ಹತ್ತಿರ ಬಂದಳು.

ಅವನು ಹೆಮ್ಮೆಯಿಂದ ಮುಂದಿನ ಸಾಲಿಗೆ ಹೋದ. ಅಷ್ಟಕ್ಕೇ ನಿಲ್ಲಿಸಿದ. ಚೀಟಿ ಮಡಚಲು ನೋಡಿದ. ನೋರೀನ್ ಅದನ್ನು ಕಿತ್ತುಕೊಂಡು ತಾನೇ ಓದಿದಳು.

"'ಒಂದೇ ಒಂದು ಸಂಕೋಚ. ನಾನು ಹಿಡಿದದ್ದು ಅರ್ಧ ಕಳ್ಳನನ್ನು, ನೀವು ಕೊಟ್ಟದ್ದು ಪೂರ್ತಿ ಸರ್ಟಿಫಿಕೇಟು. ಉಳಿದರ್ಧದ ಪರೀಕ್ಷೆ ಯಾವಾಗ?'"